ಎಡಗೆನ್ನೆಯ ದೃಷ್ಟಿಬೊಟ್ಟು

ಆ ವರ್ಷಗಳಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ಭಾಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಬೇರೆಯವರ ವರದಿಗಳನ್ನು ತಿದ್ದುವುದು ದಿನದ ಕೆಲಸ. ಭಾನುವಾರದ ಪುರವಣಿಗೆ ಆಗಾಗ ಒಂದು ಲೇಖನ ಬರೆದುಕೊಡುವುದು ಮೇಲಿನ ಕೆಲಸ. ಇಂಟರ್‌ನೆಟ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ನಗರದ ಹಳೆಯ ಗೋದಾಮುಗಳ ಬಾಡಿಗೆ ಏರಿ, ಅಲ್ಲಿದ್ದ ಸಂಗೀತದ ಕ್ಲಬ್ಬುಗಳು ಮುಚ್ಚಿ, ಆ ಜಾಗದಲ್ಲಿ ಸಾಲು ಸಾಲು ಮೇಜುಗಳೂ ಕಂಪ್ಯೂಟರುಗಳೂ ಬಂದು ಕೂರುತ್ತಿದ್ದವು. ಹಾಗೆ ಮುಚ್ಚಿದ ಒಂದು ಕ್ಲಬ್ಬಿನ ಹಳೆಯ ಅಭಿಮಾನಿಗಳು ತಮ್ಮ ನೆನಪುಗಳನ್ನೆಲ್ಲ ಸೇರಿಸಿ ವೆಬ್‌ಪೇಜು ಮಾಡುತ್ತಿದ್ದಾರೆ, ಹೋಗಿ ಮಾತಾಡಿಸಿಕೊಂಡು ಬಾ ಎಂದು ಪುರವಣಿಯ ಸಂಪಾದಕ ನನ್ನನ್ನು ಕಳಿಸಿದ.

ಅವರು ಗಾತ್‌ಗಳು. ಎಂಬತ್ತರ ದಶಕದಲ್ಲಿ ಹರೆಯದಲ್ಲಿದ್ದವರು. ಮೈತುಂಬ ಕಪ್ಪು ಬಟ್ಟೆ, ಮುಖಕ್ಕೆ ಸುಣ್ಣದಂಥ ಬಿಳಿ ಪೌಡರು, ಕಣ್ಣ ಸುತ್ತ ದಟ್ಟ ಕಾಡಿಗೆ; ಸಾವು, ಸಮಾಧಿ, ಮುರಿದ ಪ್ರೀತಿಯನ್ನೇ ಹಾಡುವ ಬ್ಯಾಂಡುಗಳು. ಈಗ ಅವರೆಲ್ಲ ಕೆಲಸದಲ್ಲಿದ್ದರು, ಹಲವರಿಗೆ ಮಕ್ಕಳಿದ್ದವು. ಭಾನುವಾರ ಮಧ್ಯಾಹ್ನ ಗಿಲ್‌ರಾಯ್‌ನ ಒಬ್ಬನ ಮನೆಯ ಗ್ಯಾರೇಜಿನಲ್ಲಿ ಸೇರುತ್ತಿದ್ದರು. ಕೊಲ್ಲಿಯ ದಕ್ಷಿಣಕ್ಕೆ ಬಹಳ ದೂರ, ಆದರೆ ಮನೆಗಳು ಅಗ್ಗ. ಅಲ್ಲಿ ಕಾರಿನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಸುತ್ತಲ ಹೊಲಗಳ ಬೆಳ್ಳುಳ್ಳಿ. ಆ ವಾಸನೆಯ ನಡುವೆ, ಉರಿಬಿಸಿಲಿನಲ್ಲಿ, ಕಪ್ಪು ಮಖಮಲ್ಲಿನ ಉದ್ದ ಕೋಟು ಹಾಕಿಕೊಂಡ ಬೊಕ್ಕತಲೆಯ ದಪ್ಪ ಮನುಷ್ಯ ಹುಲ್ಲಿಗೆ ನೀರು ಬಿಡುತ್ತ ನಿಂತಿದ್ದ. ಅವನೇ ಮನೆಯ ಯಜಮಾನ. ವಾರವೆಲ್ಲ ಒಂದು ಕಂಪನಿಯ ಸರ್ವರುಗಳನ್ನು ಕಾಯುವವನು. ಆಗಿನ ಕಾಲದಲ್ಲಿ ಕ್ಲಬ್ಬಿನ ಫೋಟೋಗಳನ್ನೆಲ್ಲ ತೆಗೆದವನು.

"ಇವನ ಕೂದಲು ಆಗ ಎರಡಡಿ ಮೇಲಕ್ಕೆ ನಿಲ್ತಿತ್ತು, ಗೊತ್ತಾ? ಮೊಟ್ಟೆಯ ಬಿಳಿ ಹಚ್ಚಿ ನಿಲ್ಲಿಸ್ತಿದ್ದ," ಎಂದು ಗ್ಯಾರೇಜಿನಲ್ಲಿ ಕೂತಿದ್ದವರಲ್ಲಿ ಒಬ್ಬ ಹೇಳಿದ.

"ಈಗ ಬರೀ ಮೊಟ್ಟೆ ಉಳಿದಿದೆ," ಎಂದಳು ಯಜಮಾನನ ಹೆಂಡತಿ.

ಎಲ್ಲರೂ ನಕ್ಕರು. ಮಾತು ಬೇಗ ಬಿಚ್ಚಿಕೊಂಡಿತು. ಆಗಸ್ಟಿನ ಮಂಜಿನಲ್ಲಿ ಬೀದಿಯುದ್ದಕ್ಕೂ ನಿಂತ ಸಾಲು. ಲವಂಗದ ಸಿಗರೇಟಿನ ಹೊಗೆ. ಜನರಿಗೆ ಬೆನ್ನು ತೋರಿಸಿ ನಿಂತು ಇಡೀ ಕಛೇರಿ ನುಡಿಸಿದ ಗಿಟಾರಿನವನು. ಹಲ್ಲಿನಲ್ಲಿ ಕೇಳುತ್ತಿದ್ದ ಬೇಸ್ ಗಿಟಾರಿನ ದನಿ. ನಾನು ಬರೆದುಕೊಂಡೆ. ಆಮೇಲೆ ಅವರು ಒಂದು ರಟ್ಟಿನ ಪೆಟ್ಟಿಗೆ ತುಂಬ ಇದ್ದ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು.

ಫೋಟೋಗಳಲ್ಲಿದ್ದ ಹುಡುಗಿಯರ ಮುಖಗಳೆಲ್ಲ ಒಂದೇ ಥರ ಬೆಳ್ಳಗಿದ್ದವು. ಅದು ವಿಶೇಷವಲ್ಲ. ಆದರೆ ಬಹುಪಾಲು ಮುಖಗಳಲ್ಲಿ, ಎಡಗೆನ್ನೆಯ ಮೇಲೆ, ಒಂದು ಕಪ್ಪು ಬೊಟ್ಟಿತ್ತು. ನಮ್ಮ ಕಡೆ ಎಣ್ಣೆ ನೀರು ಹಾಕಿದ ಮೇಲೆ ಕೂಸಿನ ಕೆನ್ನೆಗೆ ಇಡುತ್ತಾರಲ್ಲ, ಅದೇ ಬೊಟ್ಟು, ಅದೇ ಜಾಗ.

"ಇದೇನು?" ಎಂದೆ.

"ನಮ್ಮ ಗುರುತು," ಎಂದ ಯಜಮಾನ. "ಬೇರೆ ಯಾವ ಊರಿನ ಗಾತ್‌ಗಳಿಗೂ ಇರಲಿಲ್ಲ."

ಎಲ್ಲಿಂದ ಬಂತು ಎಂದರೆ ಒಬ್ಬೊಬ್ಬರದು ಒಂದೊಂದು. ಪ್ಲೇಗಿನ ಕಾಲದ ಗುರುತು ಎಂದ ಒಬ್ಬ. ಸತ್ತ ಚಂದ್ರ ಎಂದ ಇನ್ನೊಬ್ಬ. ಮೊದಲು ಇಟ್ಟುಕೊಂಡು ಬಂದವಳು ಒಬ್ಬ ಹುಡುಗಿ ಎಂಬುದನ್ನು ಮಾತ್ರ ಎಲ್ಲರೂ ಒಪ್ಪಿದರು. ವೇದಿಕೆಯ ಎಡಗಡೆ, ಗೋಡೆಗೆ ತಾಗಿ, ಜೇಡರಬಲೆ ಬಿಡಿಸುವವಳಂತೆ ಕೈಯಾಡಿಸುತ್ತ ಒಬ್ಬಳೇ ಕುಣಿಯುತ್ತಿದ್ದಳು. ಹೆಸರು ಯಾರಿಗೂ ಗೊತ್ತಿಲ್ಲ. ಕ್ಲಬ್ಬಿನಲ್ಲಿ ಯಾರೂ ನಿಜವಾದ ಹೆಸರು ಹೇಳಿಕೊಳ್ಳುತ್ತಿರಲಿಲ್ಲ.

ಪತ್ರಿಕೆಯ ಕೆಲಸದಲ್ಲಿ ಒಂದು ಕ್ರಮವಿದೆ. ಒಬ್ಬರು ಹೇಳಿದ್ದನ್ನು, ಅವರ ಮಾತು ಕೇಳಿರದ ಇನ್ನೊಬ್ಬರೂ ಹೇಳಬೇಕು. ನಾನು ಒಬ್ಬೊಬ್ಬರನ್ನೇ ಬೇರೆ ಕರೆದು, ಆ ಹುಡುಗಿಯನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಕೇಳಿದೆ. ಉತ್ತರಗಳು ಒಂದಕ್ಕೊಂದು ಕೂಡಲಿಲ್ಲ. ಒಬ್ಬ ಕ್ಲಬ್ಬಿನ ಕೊನೆಯ ರಾತ್ರಿ ಎಂದ. ಒಬ್ಬಳು ಅದಾದ ಮೇಲೆ ಬೇರೆ ಊರಿನ ಕ್ಲಬ್ಬಿನಲ್ಲಿ ಎಂದಳು. ಯಜಮಾನನ ಹೆಂಡತಿಯಂತೂ, "ಹೋದ ವಾರ ಮಾರ್ಗನ್ ಹಿಲ್‌ನಲ್ಲಿ ಗ್ರೋಸರಿ ತರೋಕೆ ಹೋದಾಗ ನೋಡಿದೆ," ಎಂದಳು. "ಹಾಗೇ ಇದ್ದಳು. ಒಂದಿಷ್ಟೂ ವಯಸ್ಸಾಗಿಲ್ಲ."

ಒಬ್ಬಳು ಮಾತ್ರ ಉತ್ತರಿಸಲಿಲ್ಲ. ಮೆಕ್ಸಿಕೋ ಮೂಲದವಳು, ಗಿಲ್‌ರಾಯ್‌ನಲ್ಲೇ ಹುಟ್ಟಿ ಬೆಳೆದವಳು, ಒಂದು ವೆಬ್ ಕಂಪನಿಯಲ್ಲಿ ಜಾಹೀರಾತಿನ ಕೆಲಸ ಮಾಡುವವಳು. "ನೆನಪಿಲ್ಲ," ಎಂದು ಎದ್ದು ಹೋದಳು.

ನಾನು ಲೇಖನ ಬರೆದೆ. ಆ ಬೊಟ್ಟು ಕನ್ನಡನಾಡಿನ ತಾಯಂದಿರು ಮಕ್ಕಳಿಗೆ ಕಣ್ಣು ತಾಗದಿರಲೆಂದು ಇಡುವ ಬೊಟ್ಟನ್ನು ಹೋಲುತ್ತದೆ, ಅದನ್ನು ತಂದ ಹುಡುಗಿ ಯಾರೆಂದು ತಿಳಿದಿಲ್ಲ ಎಂದು ಒಂದು ಪ್ಯಾರಾ ಸೇರಿಸಿದೆ. ಅಚ್ಚಾದ ಮರುದಿನ ಆಫೀಸಿಗೆ ಫೋನು ಬಂತು.

"ಪೇಪರ್‌ನಲ್ಲಿ ಹೆಸರು ನೋಡಿದೆ. ಕನ್ನಡದೋರಾ ನೀವು?" ವಯಸ್ಸಾದ ಹೆಂಗಸಿನ ದನಿ, ಮೈಸೂರಿನ ಕಡೆಯದು.

"ಹೌದು, ಬೆಂಗಳೂರು."

"ಆ ಬೊಟ್ಟು ಇಟ್ಟಿದ್ದು ನಾನಮ್ಮ. ಅವಳು ನನ್ನ ಮಗಳು."

ವಾಲ್ನಟ್ ಕ್ರೀಕ್‌ನಲ್ಲಿ ಅವರ ಮನೆ, ನಮ್ಮ ಆಫೀಸಿನಿಂದ ದೂರವೇನಿಲ್ಲ. ಅವತ್ತೇ ಸಂಜೆ ಹೋದೆ. ಗಂಡ ಡಾಕ್ಟರಾಗಿದ್ದವರು, ತೀರಿಕೊಂಡಿದ್ದರು. ಹಾಲಿನ ಗೋಡೆಯ ಮೇಲೆ ಅವರ ಫೋಟೋ, ಅದಕ್ಕೆ ಗಂಧದ ಹಾರ. ಪಕ್ಕದಲ್ಲಿ ಒಂದು ಮೊಳೆ, ಬರೀ ಮೊಳೆ.

"ಅಷ್ಟು ಬೆಳ್ಳಗೆ ಬಳ್ಕೊಂಡು ಹೊರಟಿದ್ದಳು ಒಂದು ದಿನ," ಎಂದರು ಆಂಟಿ. "ಎಲ್ಲರ ಕಣ್ಣೂ ನಿನ್ನ ಮೇಲೇ ಬೀಳತ್ತೆ ಕಣೇ ಅಂತ ಬೈದು, ಕಾಡಿಗೆ ತಂದು ಒತ್ತಿದೆ. ಅಳಿಸ್ಕೋತಾಳೆ ಅಂತಲೇ ಅಂದ್ಕೊಂಡಿದ್ದೆ. ಕನ್ನಡಿ ನೋಡ್ಕೊಂಡು ನಕ್ಕಳು. ಆಮೇಲೆ ಇಡಿಸಿಕೊಳ್ಳದೆ ಹೋಗ್ತಾನೇ ಇರಲಿಲ್ಲ."

ಮಗಳು ಸತ್ತು ಹತ್ತು ವರ್ಷದ ಮೇಲಾಗಿತ್ತು. ಸಂಗೀತಕ್ಕೆ ಹೋದಾಗಲ್ಲ; ಆಗಸ್ಟಿನ ಒಂದು ಮಧ್ಯಾಹ್ನ, ಅಂಗಡಿಯ ಕೆಲಸ ಮುಗಿಸಿ ಬರುವಾಗ, ಫ್ರೀವೇಯಲ್ಲಿ ಕಾರು ಮಗುಚಿ. ಅವತ್ತು ಬೊಟ್ಟು ಇಟ್ಟಿರಲಿಲ್ಲ ಎಂದು ಆಂಟಿ ಹೇಳಿದರು. ಅಂಗಡಿಗೆ ಹೋಗೋಳನ್ನ ಯಾರು ನೋಡ್ತಾರೆ ಅಂತ.

"ನನಗೆ ಅವಳ ಒಂದು ಫೋಟೋ ಬೇಕಮ್ಮ. ಲಂಗ ಹಾಕ್ಕೊಂಡಿರೋದು ಇದೆ, ಸ್ಕೂಲಿಂದು ಇದೆ. ಹೋದೋಳು ಅವಳಲ್ಲ. ಹೋದೋಳು ಆ ಕಪ್ಪು ಬಟ್ಟೆಯೋಳು. ಅವಳದ್ದು ಒಂದೂ ಇಲ್ಲ. ಇವರು ತೆಗೆಯೋಕೆ ಬಿಡ್ತಿರಲಿಲ್ಲ." ಗೋಡೆಯ ಕಡೆ ತೋರಿಸಿದರು. "ಇವರಿಗೆ ಹಾರ ಹಾಕಿದೀನಿ. ಮಗಳಿಗೆ ಹಾಕಿಲ್ಲ. ಹಾಕೋ ತನಕ ಅವಳು ಎಲ್ಲೋ ಹೊರಗಡೆನೇ ಇರೋ ಹಾಗೆ ಅನ್ಸತ್ತೆ. ನಿದ್ದೆ ಬರಲ್ಲ."

ಮೈಸೂರಿನಿಂದ ತಂದ ಎರಡನೆಯ ಗಂಧದ ಹಾರ ಕಪಾಟಿನಲ್ಲಿತ್ತು. ಅದನ್ನೂ ತೋರಿಸಿದರು.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. "ಕೊನೇ ಸಲ ಸಂಗೀತಕ್ಕೆ ಹೋದಾಗ ಒಂದು ಮಾತೂ ಆಡಲಿಲ್ಲ ಕಣಮ್ಮ. ಬಾಗಿಲಲ್ಲೇ ನಿಂತಿದ್ದಳು. ಕಪ್ಪು ಕೋಟು ಹಾಕ್ಕೊಂಡಿದ್ದಳು. ಬೊಟ್ಟಿಟ್ಟೆ, ಹೋದಳು. ಚಳಿ ಇತ್ತು ಅವತ್ತು."

ವಾಲ್ನಟ್ ಕ್ರೀಕ್‌ನ ಬೇಸಿಗೆಯಲ್ಲಿ, ನಗರದ ಹಾಗೆ ಮಂಜು, ಚಳಿ ಇರುವುದಿಲ್ಲ. ಮಗಳು ಹೋದದ್ದು ಆಗಸ್ಟಿನಲ್ಲಿ. ಬಹುಶಃ ಅದಕ್ಕೆ ಮುಂಚಿನ ಚಳಿಗಾಲದ ನೆನಪಿರಬೇಕು ಎಂದುಕೊಂಡೆ.

ಮುಂದಿನ ಭಾನುವಾರ ಆಂಟಿಯನ್ನು ಕಾರಿನಲ್ಲಿ ಗಿಲ್‌ರಾಯ್‌ಗೆ ಕರೆದುಕೊಂಡು ಹೋದೆ. ಹುಡುಗಿ ಸತ್ತ ವಿಷಯ ಯಜಮಾನನಿಗೆ ಫೋನಿನಲ್ಲಿ ಹೇಳಿದ್ದೆ. ಅವನು "ಹಾಗಾದರೆ ನಾವು ನೋಡಿದ್ದು ಯಾರನ್ನ?" ಎಂದಿದ್ದ.

ಕಾಟನ್ ಸೀರೆ, ಮೇಲೊಂದು ಸ್ವೆಟರು, ಕಾಲಿಗೆ ಬಿಳಿ ಶೂ, ಕೈಯಲ್ಲಿ ಕೋಡುಬಳೆಯ ಸ್ಟೀಲ್ ಡಬ್ಬ. ಆಂಟಿ ಗ್ಯಾರೇಜಿನೊಳಗೆ ಕಾಲಿಟ್ಟಾಗ ಕಪ್ಪು ಬಟ್ಟೆಯವರೆಲ್ಲ ಎದ್ದು ನಿಂತರು. ಯಜಮಾನ ಕುರ್ಚಿ ಒರೆಸಿ ಕೊಟ್ಟ.

"ಇಷ್ಟು ದೊಡ್ಡ ಗಂಡಸು, ಉಗುರಿಗೆ ಯಾಕಮ್ಮ ಕಪ್ಪು ಬಣ್ಣ ಬಳ್ಕೊಂಡಿದಾನೆ?" ಎಂದು ಆಂಟಿ ನನ್ನನ್ನು ಕೇಳಿದರು.

"ಏನಂದರು?" ಎಂದ ಅವನು.

"ಮನೆ ಚೆನ್ನಾಗಿದೆಯಂತೆ."

"ಸುಳ್ಳು. ನಮ್ಮಮ್ಮ ಇದೇ ದನಿಯಲ್ಲಿ ನನ್ನ ಉಗುರಿನ ವಿಷಯ ಕೇಳ್ತಿದ್ದಳು."

ಅವನು ಆಗ ಸ್ಲೈಡ್ ಫಿಲ್ಮಿನಲ್ಲೂ ತೆಗೆಯುತ್ತಿದ್ದ. ಗ್ಯಾರೇಜಿನ ಬಾಗಿಲು ಕೆಳಗಿಳಿಸಿ, ದೀಪ ಆರಿಸಿ, ಗೋಡೆಗೆ ಹಾಸಿಗೆಯ ಬಿಳಿ ಬಟ್ಟೆ ಕಟ್ಟಿ, ಪ್ರೊಜೆಕ್ಟರು ಹಾಕಿದ. ಹೊರಗೆ ನಡುಮಧ್ಯಾಹ್ನ. ಒಳಗೆ ಕಗ್ಗತ್ತಲು, ಬೆಳ್ಳುಳ್ಳಿಯ ವಾಸನೆ, ಸ್ಲೈಡು ಬದಲಾಗುವ ಖಟ್ ಎಂಬ ಸದ್ದು. ಒಂದೊಂದು ಖಟ್‌ಗೂ ಬಟ್ಟೆಯ ಮೇಲೆ ಆಳೆತ್ತರದ ಒಂದು ಬಿಳಿ ಮುಖ.

ಆಂಟಿ ಮುಂದಕ್ಕೆ ಬಾಗಿ ಕೂತಿದ್ದರು. ಮೊದಲ ಮುಖ ಬಂದಾಗ, "ಇವಳೇ," ಎಂದರು. ಎರಡನೆಯದು ಬಂದಾಗ, "ಅಯ್ಯೋ, ಅಲ್ಲ, ಇವಳು." ಮೂರನೆಯದಕ್ಕೆ ಏನೂ ಹೇಳಲಿಲ್ಲ. ಆಮೇಲೆ ಒಂದರ ಹಿಂದೊಂದು ಅದೇ ಕಣ್ಣು, ಅದೇ ತುಟಿ, ಅದೇ ಕೆನ್ನೆಯ ಅದೇ ಬೊಟ್ಟು. ಹಡೆದವರು ಹತ್ತೊಂಬತ್ತು ವರ್ಷ ನೋಡಿದ ಮುಖ ಆ ಮುಖಗಳಲ್ಲಿ ಯಾವುದು ಎಂದು ತಿಳಿಯದೆ ಕೂತಿದ್ದನ್ನು ನಾನು ಪಕ್ಕದಿಂದ ನೋಡಿದೆ. ಅವರ ಕೈ ಡಬ್ಬದ ಮುಚ್ಚಳವನ್ನು ತಿರುವುತ್ತಲೇ ಇತ್ತು.

"ನನ್ನ ಮಗಳನ್ನ ಎಷ್ಟು ಜನ ಮಾಡಿಟ್ಟಿದಾರಮ್ಮ ಇವರು," ಎಂದರು ಮೆಲ್ಲಗೆ.

ತುಂಬ ಹೊತ್ತಾದ ಮೇಲೆ ಒಂದು ಸ್ಲೈಡಿಗೆ ಕೈಯೆತ್ತಿದರು. ಎದ್ದು ಹೋಗಿ ಬಟ್ಟೆಯ ಹತ್ತಿರವೇ ನಿಂತರು. ಮುಖದ ಅರ್ಧ ಅವರ ಸೀರೆಯ ಮೇಲೆ ಬಿತ್ತು. ಕಪ್ಪು ಕೋಟಿನ ಹುಡುಗಿ, ಬಾಯಿ ಸ್ವಲ್ಪ ತೆರೆದಿದೆ, ಕ್ಯಾಮೆರಾ ನೋಡುತ್ತಿಲ್ಲ.

"ಇದು. ಬೇರೆಯೋರು ಪೆನ್ಸಿಲ್‌ನಲ್ಲಿ ಬರ್ಕೊಂಡಿದಾರೆ ನೋಡು, ದುಂಡಗೆ. ಇದು ಬರೆದಿದ್ದಲ್ಲ, ಒತ್ತಿದ್ದು." ಅವರು ತಮ್ಮ ಉಂಗುರದ ಬೆರಳನ್ನು ಬಟ್ಟೆಯ ಮೇಲಿನ ಬೊಟ್ಟಿಗೆ ಇಟ್ಟರು. ಉದ್ದುದ್ದ, ಒಂದು ಕಡೆ ಹರಡಿದ ಕಪ್ಪು. "ನನ್ನ ಬೆರಳು ನನಗೆ ಗೊತ್ತಾಗಲ್ವಾ?"

ಯಜಮಾನ ಪ್ರಿಂಟು ಹಾಕಿಸಿ ಕೊಡುತ್ತೇನೆ ಎಂದ. ದೀಪ ಹಾಕಿದಾಗ, ನಮ್ಮ ಹಿಂದೆ ಕೂತಿದ್ದ ಮೆಕ್ಸಿಕೋ ಮೂಲದ ಹೆಂಗಸು ಅಲ್ಲಿರಲಿಲ್ಲ. ಅವಳ ಕಾರು ಮನೆಯ ಮುಂದೆಯೇ ಇತ್ತು, ಅವಳು ಅದರೊಳಗೆ ಕೂತಿದ್ದಳು. ಆಂಟಿ ಒಳಗೆ ಕೋಡುಬಳೆ ಹಂಚುತ್ತಿದ್ದಾಗ ನಾನು ಹೊರಗೆ ಬಂದೆ. ಅವಳು ಕಿಟಕಿ ಇಳಿಸಿದಳು.

"ಅದು ನಾನು," ಎಂದಳು.

ಅವಳು ಹೇಳಿದ್ದು ಇಷ್ಟು. ಅವಳೂ ಆಂಟಿಯ ಮಗಳೂ ಗೆಳತಿಯರು. ಗೆಳತಿಯ ಕೋಟು ಅವಳ ಹತ್ತಿರ ಉಳಿದುಬಿಟ್ಟಿತ್ತು. ಗೆಳತಿ ಸತ್ತ ಎರಡು ತಿಂಗಳಿಗೆ, ಅಕ್ಟೋಬರಿನಲ್ಲಿ, ಒಂದು ದೊಡ್ಡ ಸಂಗೀತ ಕಛೇರಿಗೆ ಹೊರಟವಳು, ಸುತ್ತುದಾರಿಯಾದರೂ ಕೋಟು ಹಿಂದಿರುಗಿಸಿ ಹೋಗೋಣವೆಂದು ಸಂಜೆ ವಾಲ್ನಟ್ ಕ್ರೀಕ್‌ನ ಮನೆಗೆ ಹೋದಳು. ಮುಖಕ್ಕೆ ಬಿಳಿ ಬಳಿದಾಗಿತ್ತು, ಚಳಿಯೆಂದು ಕೋಟು ಮೈಮೇಲೇ ಇತ್ತು. ತಾಯಿ ಬಾಗಿಲು ತೆಗೆದರು. ಒಂದು ಕ್ಷಣ ನೋಡಿದರು. ಒಳಗೆ ಹೋಗಿ ಕಾಡಿಗೆಯ ಡಬ್ಬಿ ತಂದು, ಅವಳ ಎಡಗೆನ್ನೆಗೆ ಬೆರಳೊತ್ತಿ, ಎರಡು ಶಬ್ದ ಹೇಳಿ, ಬಾಗಿಲು ಹಾಕಿಕೊಂಡರು.

"ಏನು ಹೇಳಿದರು ಅಂತ ನಂಗೆ ಗೊತ್ತಿಲ್ಲ. ಆದರೆ ಮರೆತಿಲ್ಲ," ಎಂದು ಅವಳು ಆ ಎರಡು ಶಬ್ದಗಳನ್ನು ನಿಧಾನವಾಗಿ ಹೇಳಿದಳು. ಕನ್ನಡದ ಗಂಧವಿಲ್ಲದ ನಾಲಿಗೆಯಿಂದ, ಒಂದಕ್ಷರವೂ ತಪ್ಪದೆ: "ಬೇಗ ಬಾ."

ಅರ್ಥ ಹೇಳಿದೆ. ಅವಳು ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಳು.

"ಅವತ್ತು ಕ್ಲಬ್ಬಿನಲ್ಲಿ ನಾನು ಅವಳ ಜಾಗದಲ್ಲಿ ಕುಣಿದೆ. ಎಲ್ಲರೂ ನನ್ನನ್ನ ಅವಳು ಅಂದುಕೊಂಡರು. ಸತ್ತಳು ಅಂತ ನಾನು ಯಾರಿಗೂ ಹೇಳಲಿಲ್ಲ. ಹೇಳದೇ ಇದ್ದರೆ ಬರ್ತಾಳೆ ಅನ್ನಿಸ್ತಿತ್ತು. ಆ ಫೋಟೋ ಅವರೇ ಇಟ್ಟುಕೊಳ್ಳಲಿ. ನನಗೇನು ನಷ್ಟ?"

"ಅದಕ್ಕೆ ಹಾರ ಹಾಕುತ್ತಾರೆ," ಎಂದೆ. "ನಮ್ಮಲ್ಲಿ ಸತ್ತವರ ಫೋಟೋಗೆ ಹಾಕುವುದು ಅದು. ಬದುಕಿರುವವರ ಫೋಟೋಗೆ ಯಾರೂ ಹಾಕುವುದಿಲ್ಲ. ತಪ್ಪಿ ಹಾಕಿದರೆ ಅವರಿಗೆ ಸಾವು ಬಯಸಿದ ಹಾಗೆ."

ಅವಳು ನಗಲು ನೋಡಿದಳು. "ಆಗ ನಾವೆಲ್ಲ ಬಯಸ್ತಿದ್ದದ್ದು ಅದನ್ನೇ." ಆಮೇಲೆ, "ನನಗೀಗ ಮಗಳಿದಾಳೆ," ಎಂದಳು.

ಹೇಳಬೇಕೇ ಬೇಡವೇ ಎಂಬುದನ್ನು ಅವಳು ನನಗೇ ಬಿಟ್ಟಳು. ನಾನು ಯಜಮಾನನನ್ನು ಕೇಳಿ ಆ ಸ್ಲೈಡಿನ ರಟ್ಟಿನ ಚೌಕಟ್ಟು ನೋಡಿದೆ. ಫಿಲ್ಮು ತೊಳೆದ ತಿಂಗಳು ಅಚ್ಚಾಗಿತ್ತು, ಹುಡುಗಿ ಸತ್ತ ವರ್ಷದ ನವೆಂಬರು. ಫಿಲ್ಮು ತಿಂಗಳುಗಟ್ಟಲೆ ಕ್ಯಾಮೆರಾದಲ್ಲೇ ಇದ್ದಿರಬಹುದು. ಆದರೆ ಹುಡುಗಿಯ ಹಿಂದಿನ ಗೋಡೆಯಲ್ಲಿ ಆ ದಿನದ ಕಛೇರಿಯ ಪೋಸ್ಟರು ಕಾಣುತ್ತಿತ್ತು, ಅಕ್ಟೋಬರಿನದು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಪ್ರಿಂಟು ಬಂದಾಗ ವಾಲ್ನಟ್ ಕ್ರೀಕ್‌ಗೆ ತೆಗೆದುಕೊಂಡು ಹೋದೆ. ಆಂಟಿ ಸ್ನಾನ ಮಾಡಿ ಒಗೆದ ಸೀರೆಯುಟ್ಟು ಕಾಯುತ್ತಿದ್ದರು. ಚೌಕಟ್ಟು ಸಿದ್ಧವಿತ್ತು. ಹಾರ ತಟ್ಟೆಯಲ್ಲಿತ್ತು, ಪಕ್ಕದಲ್ಲಿ ಕುಂಕುಮ, ಊದುಕಡ್ಡಿ. ಫೋಟೋವನ್ನು ಚೌಕಟ್ಟಿಗೆ ಸೇರಿಸಿ ಮೊಳೆಗೆ ಹಾಕುವವರೆಗೂ ನಾನು ಸುಮ್ಮನಿದ್ದೆ. ಹಾರಕ್ಕೆ ಕೈ ಹೋದಾಗ ಹೇಳಿದೆ.

"ಆಂಟಿ, ಇದು ಅವಳಲ್ಲ. ಅವಳ ಫ್ರೆಂಡು. ಅವಳು ಹೋದ ಮೇಲೆ, ಅಕ್ಟೋಬರಿನಲ್ಲಿ ತೆಗೆದದ್ದು. ಬೊಟ್ಟಿಟ್ಟವರು ನೀವೇ. ಆದರೆ ಇಡಿಸಿಕೊಂಡವಳು ಬದುಕಿದ್ದಾಳೆ. ಗ್ಯಾರೇಜಿನಲ್ಲಿ ನಮ್ಮ ಹಿಂದೆ ಕೂತಿದ್ದಳು."

ಅವರು ಹಾರ ಹಿಡಿದುಕೊಂಡೇ ನಿಂತರು. ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಫೋಟೋವನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದರೆಂದರೆ ಅವರ ಉಸಿರಿಗೆ ಗಾಜು ಮಂಜಾಗಿ ಮತ್ತೆ ತಿಳಿಯಾಗುತ್ತಿತ್ತು.

"ಕೋಟು ಅವಳದ್ದೇ," ಎಂದರು.

"ಹೌದು."

"ಬಾಗಿಲು ತೆಗೆದಾಗ ನನಗೆ ಕೋಟು ಕಾಣಿಸ್ತು ಕಣಮ್ಮ. ಮುಖ ನೋಡಲಿಲ್ಲ. ನೋಡಿದ್ರೆ ಗೊತ್ತಾಗಿಬಿಡತ್ತೆ ಅಂತ ನೋಡಲಿಲ್ಲವೋ ಏನೋ." ನನ್ನ ಕಡೆ ತಿರುಗಿ ಕೇಳಿದರು: "ಆ ಹುಡುಗಿಗೆ ಏನೂ ತೊಂದರೆ ಆಗಲಿಲ್ಲ ತಾನೇ, ಇಷ್ಟು ವರ್ಷ?"

"ಚೆನ್ನಾಗಿದ್ದಾಳೆ. ಮಗುವಿದೆ."

"ಹಾಗಾದ್ರೆ ಹಾರ ಹಾಕೋ ಹಾಗಿಲ್ಲ," ಎಂದರು. ಹಾರವನ್ನು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬಂದರು. ಫೋಟೋ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ಊದುಕಡ್ಡಿ ತನ್ನಷ್ಟಕ್ಕೆ ಉರಿದು ಮುಗಿಯಿತು.

ಪುರವಣಿಗೆ ಇದರ ಮುಂದಿನ ಕಥೆ ಬರೆಯಬೇಕೆಂದು ಸಂಪಾದಕ ಕೇಳಿದ. ಫೋಟೋದ ಕೆಳಗೆ ಇವಳು ಯಾರೆಂದು ಹಾಕಲು ಸಾಲು ಸಿಗುತ್ತಿಲ್ಲ ಎಂದೆ. ಅವನು ಒತ್ತಾಯಿಸಲಿಲ್ಲ.

ಆ ಗೆಳತಿ ತಾನಾಗಿಯೇ ವಾಲ್ನಟ್ ಕ್ರೀಕ್‌ಗೆ ಹೋಗಿ ಬರತೊಡಗಿದಳು, ಮಗಳನ್ನೂ ಕರೆದುಕೊಂಡು. ಅದು ನನಗೆ ಆಂಟಿಯಿಂದಲೇ ತಿಳಿಯಿತು. ಮುಂದಿನ ವರಮಹಾಲಕ್ಷ್ಮಿಯ ದಿನ, ಗಂಡ ಹೋದ ಮೇಲೂ ಹಬ್ಬ ಬಿಡದ ಆಂಟಿ ಕುಂಕುಮಕ್ಕೆ ಕರೆದಿದ್ದರೆಂದು ಹೋದಾಗ, ಹಾಸನದ ಕಡೆಯಿಂದ ಹೊಸದಾಗಿ ಬಂದಿದ್ದ ಒಬ್ಬ ಇಂಜಿನಿಯರನ ಹೆಂಡತಿ ಅಲ್ಲಿದ್ದಳು. ಅವಳಿಗೆ ಈ ಮನೆಯ ವಿಷಯ ಏನೂ ತಿಳಿದಿರಲಿಲ್ಲ. ಗೋಡೆ ನೋಡಿದಳು. ಹಾರ ಹಾಕಿದ ಫೋಟೋಗೆ ಕೈಮುಗಿದಳು. ಪಕ್ಕದ್ದಕ್ಕೆ ಹಾರವಿರಲಿಲ್ಲ, ಆದ್ದರಿಂದ ಯಾರಾದರೂ ಕೇಳುವಂತೆ ಕೇಳಿದಳು.

"ಇವರು ಮಗಳಾ ಆಂಟಿ? ಎಲ್ಲಿದಾರೆ ಈಗ?"

"ಗಿಲ್‌ರಾಯ್ ಕಡೆ," ಎಂದರು ಆಂಟಿ, ಅರಿಸಿನದ ಬಟ್ಟಲು ಮುಂದೆ ಹಿಡಿಯುತ್ತ. "ಬರ್ತಾ ಇರ್ತಾಳೆ."

ನಾನು ತಲೆ ತಗ್ಗಿಸಿ ಕಾಫಿ ಕುಡಿದೆ. ಹಾಸನದ ಹುಡುಗಿ ಇನ್ನೊಮ್ಮೆ ಫೋಟೋ ನೋಡಿದಳು, ಆಂಟಿಯನ್ನು ನೋಡಿದಳು.

"ಎಷ್ಟು ಬೆಳ್ಳಗೆ ಬಳ್ಕೊಂಡಿದ್ರೂ ಗೊತ್ತಾಗತ್ತೆ ಆಂಟಿ. ಥೇಟ್ ನಿಮ್ಮ ಥರಾನೇ ಇದಾರೆ."

ನಾನೂ ತಲೆಯೆತ್ತಿ ನೋಡಿದೆ. ಹೌದು, ಹಾಗೇ ಇದ್ದಳು.